ಗಾಯಕಿಯ ಪಾರ್ಕಿಗೆ ನಾನು ಹೋಗಿಬಂದದ್ದು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಮಾತ್ರ ಇಲ್ಲ. ಹೀಗಾಗಿ ನಡೆದದ್ದು ಪುಸ್ತಕದಲ್ಲಿ ಒಂದು ಥರ, ನಾಲಿಗೆಯ ಮೇಲೆ ಇನ್ನೊಂದು ಥರ. ಎರಡೂ ಮುಖಾಮುಖಿಯಾಗದೆ ಸುಖವಾಗಿದ್ದವು. ಅವುಗಳಿಗೆ ಭೇಟಿ ಮಾಡಿಸಿದ್ದು ನೈರೋಬಿ.

ಎರಡು ಸಾವಿರದ ಹತ್ತರ ನಂತರದ ಆ ವರ್ಷಗಳಲ್ಲಿ ನಾವು ಪಾರ್ಕ್‌ಲ್ಯಾಂಡ್ಸಿನ ಮೂರನೇ ಮಹಡಿಯ ಫ್ಲಾಟಿನಲ್ಲಿದ್ದೆವು. ವೆಸ್ಟ್‌ಲ್ಯಾಂಡ್ಸಿನ ಒಂದು ಸಂಸ್ಥೆಯಲ್ಲಿ ವರದಿ ಬರೆಯುವುದು ನನ್ನ ಕೆಲಸ. ಅಡುಗೆಗೆ ಬರುತ್ತಿದ್ದ ಎಸ್ತರ್ ನನಗಿಂತ ಹತ್ತು ವರ್ಷ ಹಿರಿಯರು. ಕೀನ್ಯಾದಲ್ಲಿ ಅಮೆರಿಕದ ಕಂಟ್ರಿ ಸಂಗೀತಕ್ಕೆ ಎಷ್ಟು ಜನ ಪ್ರಾಣ ಬಿಡುತ್ತಾರೆಂದು ಅಲ್ಲಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಎಸ್ತರ್ ಚಪಾತಿ ಲಟ್ಟಿಸುವಾಗ ರೇಡಿಯೊ ಹಾಡಲೇಬೇಕು. ಅದರಲ್ಲೂ ಒಬ್ಬ ಗಾಯಕಿ ಬಂದರೆ ಲಟ್ಟಣಿಗೆ ನಿಂತೇಬಿಡುತ್ತಿತ್ತು. ಬಡತನದಲ್ಲಿ ಬೆಳೆದು, ಹೆಸರು ಮಾಡಿ, ಹುಟ್ಟೂರಿನಲ್ಲೇ ದೊಡ್ಡ ಥೀಮ್ ಪಾರ್ಕು ಕಟ್ಟಿ ಊರಿಗೆಲ್ಲ ಕೆಲಸ ಕೊಟ್ಟ, ಪುಟ್ಟ ಮಕ್ಕಳ ಮನೆಮನೆಗೆ ಪುಸ್ತಕ ಕಳಿಸುವ ಹೆಂಗಸು ಆಕೆ.

"ಆ ಪಾರ್ಕಿಗೆ ನಾನು ಹೋಗಿದ್ದೇನೆ" ಎಂದು ಒಂದು ದಿನ ಸುಮ್ಮನೆ ಅಂದೆ. ಅಮೆರಿಕದಲ್ಲಿ ಎರಡು ವರ್ಷ ಓದಿದವನು ನಾನು. ಗೆಳೆಯ ಶ್ರೀಧರನ ಹಳೇ ಕಾರಿನಲ್ಲಿ ಹೋಗಿದ್ದು ನಿಜ. ಎಸ್ತರ್ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. "ಬಾಸ್! ಇಷ್ಟು ದಿನ ಯಾಕೆ ಹೇಳಲಿಲ್ಲ? ಒಳಗೆ ಏನೇನಿದೆ?" (ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ನನ್ನ ನೆನಪಿನಲ್ಲಿ ಮಾತ್ರ ಅಚ್ಚ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ನೆನಪಿನ ಗುಣ ಇದರಿಂದಲೇ ತಿಳಿಯಬೇಕು.) ಅಂಥ ಕಣ್ಣುಗಳ ಮುಂದೆ ಯಾರು ತಾನೆ ಚುಟುಕಾಗಿ ಉತ್ತರ ಕೊಟ್ಟಾರು? ಉಗಿಬಂಡಿಯಲ್ಲಿ ಬೆಟ್ಟ ಸುತ್ತಿದ್ದು, ಮರದ ರೋಲರ್ ಕೋಸ್ಟರಿನಲ್ಲಿ ಶ್ರೀಧರ ಕಿರುಚಿದ್ದು, ಬಿಸಿ ಬ್ರೆಡ್ಡಿನ ಪರಿಮಳ, ಎಲ್ಲ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ವಾರವಾರ ಒಂದೊಂದು ವಿವರ ಸೇರುತ್ತಲೂ ಹೋಯಿತು.

ಎಸ್ತರ್ ಬರಿಯ ಶ್ರೋತೃವಾಗಿ ಉಳಿಯಲಿಲ್ಲ. ಆ ಗಾಯಕಿಯ ಹಾಗೆಯೇ ತಾವೂ, ಪಂಗಾನಿಯ ತಮ್ಮ ಚರ್ಚಿನ ಮಕ್ಕಳಿಗೆಂದು ಮನೆಮನೆಗಳಿಂದ ಹಳೆಯ ಪುಸ್ತಕ ಸೇರಿಸತೊಡಗಿದರು. ತಿಂಗಳಿಗೊಂದು ಪುಸ್ತಕ, ಮಗುವಿನ ಸ್ವಂತಕ್ಕೇ. ತೊಡಕು ಬಂದದ್ದು ಚರ್ಚಿನ ಹಿರಿಯರೊಬ್ಬರಿಂದ. ಎಲ್ಲರೂ ಅವರನ್ನು ಗೌರವದಿಂದ ಮ್ಜೀ ಎನ್ನುತ್ತಿದ್ದರು. "ಮನೆಗೆ ಕೊಟ್ಟರೆ ಹರಿದು ಹಾಕುತ್ತವೆ" ಎಂದು ಅವರು ಪುಸ್ತಕಗಳನ್ನೆಲ್ಲ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟರು. "ಶನಿವಾರ ನೀವು ಬಂದು ಹೇಳಬೇಕು ಬಾಸ್. ಆ ಊರಲ್ಲಿ ಮಕ್ಕಳ ಕೈಗೇ ಕೊಡೋದನ್ನ ಕಣ್ಣಾರೆ ನೋಡಿದೆ ಅಂತ. ನನ್ನ ಮಾತು ಮ್ಜೀ ಕೇಳಲ್ಲ. ನೀವು ಹೋಗಿಬಂದವರು" ಎಂದರು ಎಸ್ತರ್.

ಭಾಷಣಕ್ಕೆ ನಾಲ್ಕು ವಿವರ ಹೆಕ್ಕೋಣವೆಂದು ಶನಿವಾರ ಬೆಳಿಗ್ಗೆ ಹಳೆಯ ದಿನಚರಿ ತೆಗೆದೆ. ನನ್ನದೇ ಅಕ್ಷರ: "ಪಾರ್ಕು ಚಳಿಗಾಲಕ್ಕೆ ಮುಚ್ಚಿದೆ. ಬೇಲಿಯಿಂದ ಇಣುಕಿದೆವು. ಕಾರಿನಲ್ಲಿ ಕೂತು ಮೊಸರನ್ನ ತಿಂದೆವು. ಕಾಲು ಮರಗಟ್ಟಿತು."

ಹೆಂಡತಿ ಶೈಲಾ ಓದಿ ನೋಡಿದಳು. "ಹಾಗಾದ್ರೆ ಮದುವೆಯಾದ ಹೊಸದರಲ್ಲಿ ನಂಗೆ ಅಷ್ಟೆಲ್ಲ ಹೇಳಿದ್ದು? ರೈಲಲ್ಲಿ ನನ್ನ ನೆನಪಾಯ್ತು ಅಂದಿದ್ರಿ!"

"ಆಗ ನಿನ್ನ ಪರಿಚಯವೇ ಇರಲಿಲ್ಲವಲ್ಲ" ಎಂದೆ. ಅದು ಸಮಜಾಯಿಷಿಯಾಗಲಿಲ್ಲ.

ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಯು ಟೋಲ್ಡ್ ಮೈ ಹೋಲ್ ಕ್ಲಾಸ್" ಎಂದಳು.

ಪಂಗಾನಿಯ ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದೆ. (ಕಟ್ಟಿದೆ ಎಂದೇ ನನ್ನ ಭಾವನೆ.) ಬೆಂಚುಗಳ ಮೇಲೆ ಮಕ್ಕಳು, ಹಿಂದೆ ಬೀರು, ಮ್ಜೀಯವರ ಸೊಂಟದಲ್ಲಿ ಬೀಗದಕೈ, ಪಕ್ಕದಲ್ಲಿ ಇಸ್ತ್ರಿ ಮಾಡಿದ ನೀಲಿ ಬಟ್ಟೆಯುಟ್ಟ ಎಸ್ತರ್. ಉಗಿಬಂಡಿ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಆದರೆ ಬೆನ್ನ ಹಿಂದೆ ಶೈಲಾ ಕೂತಿದ್ದಳು. "ನಾನು ಒಳಗೆ ಹೋಗಲಿಲ್ಲ, ಗೇಟು ಮುಚ್ಚಿತ್ತು" ಎಂದುಬಿಟ್ಟೆ.

ಎಸ್ತರ್ ನೆಲ ನೋಡಿದರು. ಅವರ ಆ ಮುಖವನ್ನು ತಿದ್ದಲಿಕ್ಕೆ ನೆನಪಿಗೆ ನಾನು ಎಷ್ಟೋ ಸಲ ಬಿಟ್ಟುಕೊಟ್ಟಿದ್ದೇನೆ. ಅದು ಮಾತ್ರ ತಿದ್ದಿಕೊಂಡಿಲ್ಲ. ಮ್ಜೀ ಗಡ್ಡ ನೀವಿಕೊಂಡು, "ಅಷ್ಟು ದೂರ ಹೋಗಿ ಏನು ಮಾಡಿದೆ ಮತ್ತೆ?" ಎಂದರು.

"ಬೇಲಿ ಹಿಡಿದುಕೊಂಡು ಒಂದು ಗಂಟೆ ಒಳಗೆ ನೋಡಿದೆ."

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಜೋರಾಗಿ ನಕ್ಕಳು. "ನಾವೂ ಹಾಗೇ! ಮ್ಜೀ ಆ ಕಡೆ ಹೋದಾಗ ಗಾಜಿಗೆ ಮೂಗೊತ್ತಿ ನೋಡ್ತೀವಿ. ಆನೆ ಪುಸ್ತಕ ನನ್ನದು, ನಾನು ಆರಿಸಿಟ್ಟಿದೀನಿ."

ಎಲ್ಲರೂ ತಿರುಗಿ ಬೀರು ನೋಡಿದರು. ಗಾಜಿನ ತುಂಬ, ಮಕ್ಕಳ ಎತ್ತರಕ್ಕೆ, ಮೂಗಿನ ಗುರುತುಗಳು. ಮ್ಜೀ ಹತ್ತಿರ ಹೋಗಿ ಬಗ್ಗಿ ನೋಡಿದರು. ತೋಳಿನಿಂದ ಒಂದನ್ನು ಒರೆಸಿದರು. ಆಮೇಲೆ ಬೀಗ ತೆಗೆದರು. ಆನೆ ಪುಸ್ತಕ ಮೊದಲು ಹೊರಗೆ ಬಂತು.

"ಮೊದಲೇ ನಿಜ ಹೇಳೋದಕ್ಕೇನಾಗಿತ್ತು ಬಾಸ್?" ಎಂದು ಎಸ್ತರ್ ಹೊರಗೆ ಬಂದ ಮೇಲೆ ಗದರಿದರು. ನಗುತ್ತಿದ್ದರು, ಆದರೆ ವಾರಗಟ್ಟಲೆ ನನ್ನ ಚಪಾತಿ ಸ್ವಲ್ಪ ದಪ್ಪವಾಗಿಯೇ ಬಂತು.

ಮನೆಗೆ ಬಂದವನೇ, ಇನ್ನು ನೆನಪನ್ನು ನಂಬಲಾರೆ ಎಂದು ಎಲ್ಲವನ್ನೂ ಬಿಸಿಬಿಸಿಯಾಗಿ ದಿನಚರಿಯಲ್ಲಿ ಬರೆದಿಟ್ಟೆ: "ಬೀರು ತೆರೆಯುವಾಗ ಮ್ಜೀಯವರ ಕಣ್ಣಲ್ಲಿ ನೀರು ತುಂಬಿತ್ತು."

ಹಿಂದಿನಿಂದ ಶೈಲಾ ಬಗ್ಗಿ ಓದಿದಳು. "ಹಳೇ ಪುಸ್ತಕದ ಧೂಳು ರೀ ಅದು. ನಾಲ್ಕು ಸಲ ಸೀನಿದ್ರು."

ಹೌದೇನೋ. ವಾಕ್ಯ ಚೆನ್ನಾಗಿ ಬಂದಿತ್ತು, ಹೊಡೆದುಹಾಕಲಿಲ್ಲ.