ಬಸವಣ್ಣನ ಸಮೇತ ಮಾರಿದ ಮನೆ

ಚನ್ನಗಿರಿಯ ಕೋಟೆ ಕೆಳಗಿನ ಬೀದಿಯ ಮನೆಯ ಕೀಲಿಕೈಯನ್ನು ಸರ್ವೇಯರ್ ಗುರುಸ್ವಾಮಿಯ ಅಂಗೈಗಿಟ್ಟು ಬಂದ ದಿನ, ನಿವೃತ್ತ ಗುಮಾಸ್ತ ತಿಪ್ಪೇಶಪ್ಪನವರು ಮೀಸೆ ತೀಡಿಕೊಂಡು ಹೆಂಡತಿಯ ಮುಂದೆ ಒಂದು ಘೋಷಣೆ ಹೊರಡಿಸಿದರು.

"ಮಾರಿದ ಮೇಲೆ ಮುಗೀತು ಕಣೆ. ಇನ್ನು ಆ ಬೀದಿ ಕಡೆ ತಲೆ ಹಾಕಿ ಸೈತ ಮಲಗಲ್ಲ ನಾನು."

"ನೋಡಾಣ ಬಿಡ್ರಿ" ಎಂದರು ಹೊನ್ನೂರಮ್ಮ. ಗಂಡನ ಇಂಥ ಘೋಷಣೆಗಳನ್ನು ಆಕೆ ಮದುವೆಯಾದಾಗಿನಿಂದ ಕೇಳುತ್ತಾ ಬಂದವರು. ಅಲ್ಲದೆ ಆಕೆಯ ಮನಸ್ಸೆಲ್ಲ ಬಸ್ ನಿಲ್ದಾಣದ ಪಕ್ಕದ ಹೊಸ ಮನೆಯ ಮುಂದಿನ ಕೋಣೆಯಲ್ಲಿತ್ತು. ಇಷ್ಟು ವರ್ಷ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿದು ಊರಿಗೆಲ್ಲ ಕೊಟ್ಟ ಹೊನ್ನೂರಮ್ಮನಿಗೆ ಈಗ ಬೀದಿಗೆ ಬಾಗಿಲಿರುವ ಅಂಗಡಿ! ಬೋರ್ಡು ಕೂಡ ಬರೆಸಿ ಗೋಡೆಗೆ ಒರಗಿಸಿಟ್ಟಿದ್ದರು. ಹಳೇ ಮನೆಯ ರಿಜಿಸ್ಟರ್ ಆಗುವುದೊಂದೇ ಬಾಕಿ. ಗುರುಸ್ವಾಮಿ ಒಳ್ಳೆಯ ದಿನವೆಂದು ಅವತ್ತೇ ಹಾಲು ಉಕ್ಕಿಸಿ ಸೇರಿಕೊಂಡಿದ್ದ. ಸೋಮವಾರ ಅವನು ಬಂದು ರುಜು ಹಾಕಿದರೆ ಬಾಕಿ ಹಣ ಕೈಸೇರಿ ಹೊಸ ಮನೆ ಇವರದು, ಹಾಕದಿದ್ದರೆ ಹೊಸ ಮನೆಯೂ ಕೈತಪ್ಪಿದ ಹಾಗೆ, ಅಂಗಡಿಯೂ ಕೈತಪ್ಪಿದ ಹಾಗೆ.

ಘೋಷಣೆಯ ಮಸಿ ಆರುವ ಮೊದಲೇ ಗುರುಸ್ವಾಮಿಯ ಮೊದಲ ಫೋನು ಬಂತು. ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿಲ್ಲ. ಅದನ್ನು ಕೊಂಚ ಎತ್ತಿ, ಉಸಿರು ಬಿಗಿಹಿಡಿದು, ಸೊಂಟದಿಂದ ಒಂದು ಗುದ್ದು ಕೊಡಬೇಕು. ಇಂಥ ವಿದ್ಯೆಯನ್ನು ಫೋನಿನಲ್ಲಿ ಕಲಿಸಲಾಗುತ್ತದೆಯೇ? ತಿಪ್ಪೇಶಪ್ಪನವರು ಖುದ್ದು ಹೋಗಿ ಗುದ್ದಿ ತೋರಿಸಿ ಬಂದರು. ಮರುದಿನ, ಅಡುಗೆಮನೆಯ ಸ್ವಿಚ್ ಒತ್ತಿದರೆ ಹಿತ್ತಲಲ್ಲಿ ದೀಪ ಹತ್ತುತ್ತದೆ ಎಂಬ ದೂರು. "ಹಂಗಾದ್ರೆ ಹಿತ್ತಲದು ಒತ್ತಿ, ಅಡುಗೆಮನೆದು ಹತ್ತುತ್ತೆ" ಎಂದು ಇವರು ಪರಮ ಗಂಭೀರವಾಗಿ ಪರಿಹಾರ ಸೂಚಿಸಿದರು. ಅದರ ಮರುದಿನ ನಲ್ಲಿಯ ಸರದಿ. ಹೋದಾಗಲೆಲ್ಲ ಗುರುಸ್ವಾಮಿಯ ತಾಯಿ ದುರುಗಕ್ಕ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ತಂದಿಡುತ್ತಿದ್ದರು. ಆ ತಾಯಿಯದು ಮಾತು ಕಡಿಮೆ. ಜಗಳೂರು ಬಿಟ್ಟು ಬಂದಾಗಿನಿಂದ ಮುಖದಲ್ಲಿ ಗೆಲುವಿಲ್ಲ ಎಂದು ಮಗನೇ ಪೇಚಾಡುತ್ತಿದ್ದ. ಮಂಡಕ್ಕಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಹೀಗಾಗಿ ದೂರು ಬಾರದ ದಿನವೂ ತಿಪ್ಪೇಶಪ್ಪನವರು "ನಲ್ಲಿ ಹೆಂಗೈತೋ ನೋಡ್ಕಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟತೊಡಗಿದರು.

ವಾರ ತುಂಬುವುದರೊಳಗೆ ನಿಜವಾದ ದೂರು ಬಂತು. ಗುರುಸ್ವಾಮಿ ಈ ಸಲ ಕಟ್ಟೆಯ ಮೇಲೇ ಕಾದು ನಿಂತಿದ್ದ.

"ಯಜಮಾನ್ರೇ, ಬಾವಿ ತೋರಿಸಿದ್ರಿ, ತೆಂಗಿನ ಮರ ತೋರಿಸಿದ್ರಿ. ಬಸವಣ್ಣ ಐತೆ ಅಂತ ಯಾಕ್ರೀ ಹೇಳ್ಲಿಲ್ಲ?"

ತಿಪ್ಪೇಶಪ್ಪನವರಿಗೆ ಆಗ ನೆನಪಾಯಿತು. ಬೀರಪ್ಪನ ಹೆಸರಲ್ಲಿ ಬಿಟ್ಟ ಆ ದೇವರ ಬಸವ ಊರಿಗೆಲ್ಲ ಸೇರಿದ್ದು. ಆದರೆ ಹೊನ್ನೂರಮ್ಮ ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಈ ಮನೆಯ ಅಡುಗೆಮನೆ ಕಿಟಕಿಗೆ ಬಂದು ಮೂತಿ ಇಡುತ್ತಿತ್ತು. ಮೊದಲ ರೊಟ್ಟಿ ಅದಕ್ಕೆ. ಮನೆ ಮಾರುವಾಗ ಯಾರಾದರೂ ಇದನ್ನೆಲ್ಲ ಹೇಳುತ್ತಾರೆಯೇ? ಮನೆಯವರಲ್ಲಿ ಒಬ್ಬನಾಗಿಹೋಗಿದ್ದ ಬಸವಣ್ಣ ಇವರ ನೆನಪಿಗೇ ಬಂದಿರಲಿಲ್ಲ.

ಊರವರ ಗಡಿ ತಂಟೆಗಳನ್ನೆಲ್ಲ ಸರಪಳಿ ಹಿಡಿದು ಬಿಡಿಸುವ ಗುರುಸ್ವಾಮಿಗೆ ತನ್ನ ಕಿಟಕಿಯ ಗಡಿ ಕಾಯಲಾಗಿರಲಿಲ್ಲ. ನಾವ್ಯಾರೂ ಒಂದು ತುತ್ತು ಹಾಕಿಲ್ಲ, ಆದರೂ ದಿನಾ ಕೊಂಬು ತೂರಿಸುತ್ತದೆ, ಇವತ್ತು ಮೊಸರಿನ ಗಡಿಗೆ ಉರುಳಿಸಿತು ಎಂದು ಒಂದೇ ಸಮನೆ ಗೋಳಿಟ್ಟ. ಬಾಗಿಲಲ್ಲಿದ್ದ ದುರುಗಕ್ಕ ಏನೋ ಹೇಳಲು ಬಾಯಿ ತೆರೆದು, ಮಗನ ಮುಖ ನೋಡಿ, ಸುಮ್ಮನೆ ಒಳಗೆ ಹೋದರು.

"ಸೋಮವಾರದೊಳಗೆ ಅದು ಬರಾದು ನಿಲ್ಬೇಕು. ಇಲ್ದಿದ್ರೆ ನಾನು ರಿಜಿಸ್ಟರಿಗೆ ಬರಲ್ಲ" ಎಂದು ಗುರುಸ್ವಾಮಿ ಕಡ್ಡಿ ಮುರಿದಂತೆ ಹೇಳಿದ.

ಭಾನುವಾರ ಬೆಳಗ್ಗೆ ತಿಪ್ಪೇಶಪ್ಪನವರು ಟವೆಲ್ಲಿನ ತುಂಬ ರೊಟ್ಟಿ ಕಟ್ಟಿಕೊಂಡು ಹೊರಟರು. ರೊಟ್ಟಿ ತೋರಿಸುತ್ತಾ ಬಸವಣ್ಣನಿಗೆ ಹೊಸ ಮನೆಯ ದಾರಿ ಕಲಿಸಿಬಿಟ್ಟರೆ ತಂಟೆಯೇ ಇಲ್ಲ.

"ದೇವರ ಬಸವಣ್ಣಂಗೆ ವಿಳಾಸ ಬದಲಾಯಿಸಾಕೆ ನೀವ್ಯಾರ್ರಿ?" ಎಂದು ಹೊನ್ನೂರಮ್ಮ ಕೇಳಿದ್ದು ಅವರ ಕಿವಿಗೇ ಹೋಗಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಭಕ್ತಿ ಉಕ್ಕಿ ಬಸವಣ್ಣನ ಕೊರಳಿಗೆ ಒಂದು ಚೆಂಡುಹೂವಿನ ಹಾರ ಹಾಕಿದರು ನೋಡಿ, ಅಲ್ಲೇ ಕೆಟ್ಟಿತು. ಹಾರ ಹಾಕಿದ ಬಸವಣ್ಣ ಬೀದಿಯಲ್ಲಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಒಳಗೆ ಕೂರುತ್ತಾರೆಯೇ? ಮೊದಲ ಮನೆಯಾಕೆ ಬಿಂದಿಗೆ ತಂದು ಗೊರಸಿಗೆ ನೀರು ಸುರಿದು, ಕುಂಕುಮ ಇಟ್ಟು, ಬಾಳೆಹಣ್ಣು ತಿನ್ನಿಸಿದಳು. ಅವಳನ್ನು ನೋಡಿ ಪಕ್ಕದ ಮನೆ, ಅದನ್ನು ನೋಡಿ ಎದುರು ಮನೆ. ಯಾರೋ ಡೊಳ್ಳು ತಂದರು. ಯಾರೋ ತಿಪ್ಪೇಶಪ್ಪನವರ ಹಣೆಗೂ ಭಂಡಾರ ಬಳಿದರು. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಅವರು ಪೆಚ್ಚುನಗೆ ನಕ್ಕರು. ಹೊನ್ನಾಳಿ ಬಸ್ಸು ನಿಂತೇಬಿಟ್ಟಿತು, ಒಳಗಿದ್ದವರೆಲ್ಲ ಕಿಟಕಿಯಿಂದಲೇ ಕೈಮುಗಿದರು. ಕೊನೆಗೆ ಹೊಸ ಮನೆ ತಲುಪಿದಾಗ ಹೊಟ್ಟೆ ಬಿರಿಯ ತಿಂದಿದ್ದ ಬಸವಣ್ಣ ಅಂಗಡಿ ಬಾಗಿಲಿಗೆ ಅಡ್ಡಲಾಗಿ ಕಾಲು ಮಡಚಿ ಕೂತು ಮೆಲುಕು ಹಾಕತೊಡಗಿತು.

ತಿಪ್ಪೇಶಪ್ಪನವರು ಗುರುಸ್ವಾಮಿಗೆ ಫೋನು ಮಾಡಿ, ರಾಜ್ಯ ಗೆದ್ದ ದನಿಯಲ್ಲಿ ಸಮಾಚಾರ ಮುಟ್ಟಿಸಿದರು.

ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಹೊರಡುವಾಗ ಫೋನು ಬಂತು.

"ಯಜಮಾನ್ರೇ, ಬಸವಣ್ಣ ಬಂದಿಲ್ಲ."

"ಅದನ್ನೇ ಅಲ್ವೇನಪ್ಪಾ ನೀನು ಕೇಳಿದ್ದು?"

"ಅವ್ವ ಚೀಲ ಕಟ್ಕಂಡು ಕಟ್ಟೆ ಮೇಲೆ ಕುಂತಾಳೆ. ಬಸವಣ್ಣ ಬಿಟ್ಟು ಹೋದ ಮನೇಲಿ ನಾನಿರಲ್ಲ, ಜಗಳೂರು ಬಸ್ ಹತ್ತಿಸು ಅಂತಾಳೆ. ಅವ್ವ ಇಲ್ದ ಮನೆ ನಂಗೂ ಬ್ಯಾಡ."

ತಿಪ್ಪೇಶಪ್ಪನವರು ಅಂಗಡಿ ಬಾಗಿಲಿಗೆ ಓಡಿಬಂದು ಬಸವಣ್ಣನಿಗೆ ರೊಟ್ಟಿ ತೋರಿಸಿದರು. ಅದು ಕಿವಿ ಕೊಡವಿತು. ತಂದೇ ಎಂದರು, ಕೈಮುಗಿದರು, ಹಿಂದಿನಿಂದ ನೂಕಿದರು. ಅದು ಕಣ್ಣು ಮುಚ್ಚಿ ಮೆಲುಕು ಮುಂದುವರಿಸಿತು. ಇಸ್ತ್ರಿ ಅಂಗಿ ಬೆವರಲ್ಲಿ ತೊಯ್ದು ಹೋಯಿತು.

ಹೊನ್ನೂರಮ್ಮ ಗೋಡೆಗೊರಗಿದ್ದ ಬೋರ್ಡನ್ನೊಮ್ಮೆ ನೋಡಿದರು. ಕಣ್ಣಂಚು ಒದ್ದೆಯಾಯಿತು.

"ಅಂಗಡಿ ಹೋದ್ರೆ ಹೋಗ್ಲಿ ರೀ. ಆ ಅವ್ವನ್ನ ಅಳಿಸಿ ಕಳಿಸಬ್ಯಾಡ್ರಿ. ಇಲ್ಲಿಗೆ ಬರಾಕೆ ಹೇಳ್ರಿ, ಬಸವಣ್ಣನ್ನ ನೋಡ್ಲಿ" ಎಂದರು.

ದುರುಗಕ್ಕ ಆಟೋದಲ್ಲಿ ಬಂದರು, ಹಿಂದೆ ಬೈಕಿನಲ್ಲಿ ಮಗ. ಆಟೋ ಇಳಿದವರೇ ಸೆರಗಿನ ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ ತೆಗೆದು, ಬಸವಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಏನಪ್ಪಾ, ನನ್ನ ರೊಟ್ಟಿ ಸಪ್ಪೆ ಆತಾ ನಿಂಗೆ?"

ಬಸವಣ್ಣ ಮೂಸಿತು. ಒಮ್ಮೆ ಉಸಿರು ಬಿಟ್ಟು, ಮುಂಗಾಲೂರಿ ಎದ್ದು ನಿಂತಿತು.

ಗುರುಸ್ವಾಮಿ ಬಾಯಿ ಬಿಟ್ಟುಕೊಂಡು ನೋಡಿದ. "ಅವ್ವಾ, ದಿನಾ ರೊಟ್ಟಿ ಹಾಕ್ತಿದ್ದೋಳು ನೀನೇನಾ?"

"ನೀನು ಹೊತ್ತು ಹುಟ್ಟುತ್ಲೂ ಸರಪಳಿ ತಗಂಡು ಹೋಕ್ತೀಯ. ಈ ಊರಾಗೆ ನಿಂತು ನನ್ನ ಮಾತು ಕೇಳಾನು ಇವನೊಬ್ಬನೇ" ಎಂದರು ದುರುಗಕ್ಕ.

ಸರ್ವೇಯರ್ ತಲೆ ತಗ್ಗಿಸಿದ. ಹೊನ್ನೂರಮ್ಮ ದುರುಗಕ್ಕನ ಕೈ ಹಿಡಿದು ಎಬ್ಬಿಸಿದರು. ಆ ರೊಟ್ಟಿಯ ತೆಳುವು ನೋಡಿ ಆಗಲೇ ಸೋತುಹೋಗಿದ್ದರು. ಮಧ್ಯಾಹ್ನದ ಮೇಲೆ ಅಂಗಡಿಗೆ ಬಂದು ಜತೆಗೆ ರೊಟ್ಟಿ ಬಡಿಯುತ್ತೀರಾ, ಬಾಯ್ತುಂಬ ಮಾತಾಡೋಣ ಎಂದು ಕೇಳಿದರು. ದುರುಗಕ್ಕ ಆ ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕರು. ಮುಂದೆ ದುರುಗಕ್ಕ, ಹಿಂದೆ ಬಸವಣ್ಣ, ಬಂದ ದಾರಿಯಲ್ಲೇ ಹಳೇ ಮನೆಗೆ ಹೋದರು. ಅವತ್ತೇ ರಿಜಿಸ್ಟರ್ ಆಯಿತು, ಸಂಜೆಗೆ ಬೋರ್ಡು ಮೇಲೇರಿತು.

ಕೆಲವು ದಿನ ದೂರೇ ಇರಲಿಲ್ಲ. ಒಂದು ಬೆಳಗ್ಗೆ ಹಳೇ ಮನೆಯ ಕಟ್ಟೆಯ ಮೇಲೆ, ಮಡಿಲಲ್ಲಿ ಮಂಡಕ್ಕಿ ತಟ್ಟೆ ಇಟ್ಟುಕೊಂಡು, ತಿಪ್ಪೇಶಪ್ಪನವರು ಎರಡನೇ ಲೋಟ ಕಾಫಿಗೆ ಕಾಯುತ್ತಿದ್ದರು. ಗುರುಸ್ವಾಮಿ ಅವರೆದುರೇ ಹೊನ್ನೂರಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿದ.

"ಅಕ್ಕಾರೇ, ಒಂದು ಕಂಪ್ಲೇಂಟ್ ಐತೆ. ಬಸವಣ್ಣ ಬರ್ತಾನೆ, ರೊಟ್ಟಿ ತಿಂತಾನೆ, ಹೋಗ್ತಾನೆ. ಯಜಮಾನ್ರು ತಿಂತಾರೆ, ಹೋಗಲ್ಲ."

ತಿಪ್ಪೇಶಪ್ಪನವರ ಬಾಯಿಗೆ ಹೊರಟಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಫೋನಿನ ಆ ಕಡೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಅಂಗಡಿಯ ಒಡತಿ ಸಾವಕಾಶವಾಗಿ ಉತ್ತರ ಕೊಟ್ಟರು.

"ಮಾರಿದ ಮಾಲು ನಾವು ವಾಪಸ್ ತಗಳಲ್ಲಪ್ಪಾ."