ಶ್ಯಾವಿಗೆಯ ಮಾಳಿಗೆಯಲ್ಲಿ ನೀಹಾರಿಕೆ

ಉಗಾರದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ದುರ್ಬೀನು ನಿಂತಾಗಿನಿಂದ ಓಣಿಯಲ್ಲಿ ನಗುವಿಗೆ ಬರವಿಲ್ಲ. ನನ್ನ ಕೆಲಸ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ಹುಚ್ಚು ಮಾತ್ರ ನೀಹಾರಿಕೆಯದು, ಅಂದರೆ ನಕ್ಷತ್ರಗಳ ನಡುವೆ ಹರಡಿಕೊಂಡ ಅನಿಲದ ಮೋಡದ್ದು. ಚಳಿಗಾಲದಲ್ಲಿ ಸಿಗುವ, ಗುಲಾಬಿಯ ಆಕಾರದ ಒಂದು ನೀಹಾರಿಕೆಯ ಬೆನ್ನು ಹತ್ತಿದ್ದೆ. ಹೆಂಡತಿ ಗಡುವು ಕೊಟ್ಟಿದ್ದಳು: "ಬ್ಯಾಸಗಿ ಹತ್ತೂದ್ರೊಳಗ ಗ್ವಾಡಿಗೆ ಹಾಕೂವಂಥಾ ಒಂದು ಫೋಟೊ ತೋರಸ್ರಿ. ಇಲ್ಲಂದ್ರ ನಿಮ್ಮ ದುರ್ಬೀನ ಕೆಳಗ, ನನ್ನ ಶ್ಯಾವಗಿ ಒಣಗಾಕ ಮ್ಯಾಲ!"

ಫಿಲ್ಟರ್ ಬಂತು

ಕಬ್ಬಿನ ಹಂಗಾಮು ಶುರುವಾದರೆ ಕಾರ್ಖಾನೆಯ ದೀಪಗಳಿಗೆ ನಮ್ಮ ಆಕಾಶವೇ ಬೆಳ್ಳಗಾಗುತ್ತದೆ. ಆ ದೀಪಗಳ ಬೆಳಕನ್ನು ತಡೆದು ನೀಹಾರಿಕೆಯ ಬೆಳಕನ್ನಷ್ಟೇ ಒಳಗೆ ಬಿಡುವ ಮೂರು ಫಿಲ್ಟರ್ ತರಿಸಿದೆ. ಹೈಡ್ರೋಜನ್, ಆಕ್ಸಿಜನ್, ಗಂಧಕ, ಒಂದೊಂದರ ಬೆಳಕಿಗೆ ಒಂದೊಂದು. ಖುಷಿ ತಡೆಯದೆ ಬಾಗಿಲಲ್ಲೇ "ಫಿಲ್ಟರ್ ಬಂತು!" ಎಂದು ಕೂಗಿಬಿಟ್ಟೆ. ಪಕ್ಕದ ಮನೆಯ ಕಾಕು ಕೊಡ ಹಿಡಿದುಕೊಂಡೇ ಬಂದರು.

"ಒಂದ ಕೊಡ ಸೋಸಿದ ನೀರ ಕೊಡಪಾ."

ಬಿಲ್ಲೆಯಷ್ಟಿದ್ದ ಗಾಜು ತೋರಿಸಿ, "ಇದು ನೀರಿಂದಲ್ಲ ಕಾಕು, ಬೆಳಕ ಸೋಸೂದು" ಎಂದೆ. ಕಾಕು ಅದನ್ನು ಕಣ್ಣಿಗೆ ಹಿಡಿದು ಅತ್ತಿತ್ತ ತಿರುಗಿದರು. ಎಲ್ಲಾ ಕತ್ತಲು.

"ಏನೂ ಕಾಣವಲ್ದಲ್ಲೋ! ತೂತ ಹಾಕೂದ ಮರತ ಸಾಣಿಗಿ ಕಳಿಸ್ಯಾರ. ಹೊಳ್ಳಿ ಕಳಸ!"

ಮೇಘ ಎಷ್ಟು ದೂರ?

ಚಹಾದಂಗಡಿಯಲ್ಲಿ ಕಬ್ಬು ಬೆಳೆಯುವ ಮಾಮಾ ಒಬ್ಬರು, "ದಿನಾ ಮಾಳಿಗಿ ಮ್ಯಾಲ ಏನ ನೋಡ್ತೀಪಾ?" ಎಂದರು. ಮರಾಠಿ ಬಲ್ಲವರು, ನೀಹಾರಿಕೆಯ ಮರಾಠಿ ಹೆಸರೇ ಸುಲಭವಾದೀತು ಎಂದುಕೊಂಡು, "ತೇಜೋಮೇಘ ಅಂತಾರಲ್ಲ ಮಾಮಾ, ಅದು" ಎಂದೆ.

ಚಹಾದ ಬಸಿ ಮಾಮಾನ ಬಾಯಿಯ ಹತ್ತಿರವೇ ನಿಂತಿತು. "ಮೇಘ? ಕಬ್ಬ ಕಡಿಯಾಕತ್ತೇವಿ, ಈಗ ಮಳಿ ಬಂದ್ರ ಟ್ರ್ಯಾಕ್ಟರ್ ಹೊಲದಾಗ ಹುಗೀತಾವ! ಎಷ್ಟ ದೂರ ಐತಿ?"

"ಅದರ ಬೆಳಕ ಇಲ್ಲಿಗೆ ಮುಟ್ಟಾಕ ಸಾವಿರಾರು ವರ್ಷ ಬೇಕ್ರಿ."

ಮಾಮಾ ಸೊರ್ರನೆ ಚಹಾ ಎಳೆದರು. "ಹಂಗಾರ ಈ ಹಂಗಾಮ ಪಾರಾತು."

ಕಲೆ

ಶಿವರಾತ್ರಿಯ ಹೊತ್ತಿಗೆ ಮೂರೂ ಫಿಲ್ಟರಿನಲ್ಲಿ ತೆಗೆದ ಚಿತ್ರಗಳನ್ನು ಕೂಡಿಸಿದೆ. ಕಂಪ್ಯೂಟರಿನ ತುಂಬ ಗುಲಾಬಿ ಅರಳಿತು! ಅಂಚಿಗೆ ಬಂಗಾರ, ನಡುವೆ ನೀಲಿ, ಮೈತುಂಬ ಚುಕ್ಕಿ. ಕುಣಿದುಬಿಟ್ಟೆ, ನಿಜವಾಗಿಯೂ ಕುಣಿದೆ. ಹೆಂಡತಿ ಮಾತ್ರ ಕಂಪ್ಯೂಟರಿನತ್ತ ಹಣಿಕಿಯೂ ನೋಡಲಿಲ್ಲ. "ಗ್ವಾಡಿಗೆ ಹಾಕೂದು ಅಂದೇನಿ" ಎಂದಳು. ಅಥಣಿಯಲ್ಲಿ ಮದುವೆ ಫೋಟೊ ತೆಗೆಯುವ ಸ್ಟುಡಿಯೋಕ್ಕೆ ಪ್ರಿಂಟ್ ಹಾಕಲು ಕೊಟ್ಟೆ.

ತರಲು ಇಬ್ಬರೂ ಹೋದೆವು. ಸ್ಟುಡಿಯೋದವನು ಹೆಮ್ಮೆಯಿಂದ ಫ್ರೇಮು ತಿರುಗಿಸಿದ. ಒಂದೂ ಚುಕ್ಕಿ ಇಲ್ಲ!

"ನಕ್ಷತ್ರ ಎಲ್ರೀ?" ನಾನು ಫ್ರೇಮಿಗೆ ಮೂಗು ತಾಗಿಸಿ ಹುಡುಕಿದೆ.

"ಅವು ನಕ್ಷತ್ರ ಏನ್ರೀ? ನಾ ಕಲಿ ಅನಕೊಂಡೆ. ಮದಿಮಗಳ ಮಾರಿಮ್ಯಾಗಿನ ಕಲಿ ತಗೀತೇವಲ್ರೀ, ಹಂಗ ಕುಂತು ಒಂದೊಂದ ಒರಸೇನಿ."

ಮುಗಿಯಿತು, ಮಾಳಿಗೆ ಶ್ಯಾವಿಗೆಯ ಪಾಲಾಯಿತು ಎಂದು ಹೆಂಡತಿಯತ್ತ ತಿರುಗಿದೆ. ಅವಳು ಫ್ರೇಮನ್ನು ಎದೆಗೆ ಅವುಚಿಕೊಂಡಿದ್ದಳು.

"ಖರೇ ಗುಲಾಬಿ ಆಗೇತಿ ನೋಡ್ರಿ! ಮಾಳಿಗಿ ನಿಮಗ ಬಿಟ್ಟೆ. ಶ್ಯಾವಗಿ ಕಾಕು ಮನಿ ಮ್ಯಾಲ ಒಣಗಸ್ತೇನಿ."

ನಾನು ಹಿಗ್ಗಿನಲ್ಲಿ ಸ್ಟುಡಿಯೋದ ಎರಡೆರಡು ಮೆಟ್ಟಿಲು ಜಿಗಿದು ಇಳಿಯುತ್ತಿದ್ದರೆ ಹಿಂದಿನಿಂದ ಸ್ಟುಡಿಯೋದವನು ಕೂಗಿದ:

"ಸರ್, ಚಂದ್ರಂದ ಫೋಟೊ ಇದ್ರ ತಗೊಂಡ ಬರ್ರಿ. ಅದರ ಕಲಿನೂ ತಗದ ಕೊಡ್ತೇನಿ!"