ಹಾಲಿನ ಕ್ಯಾನಿನಲ್ಲಿ ಬಂದ ಪುಸ್ತಕಗಳು

ಮುಚ್ಚಳ ಸಡಿಲಾಗಿ ಕ್ಯಾನಿನೊಳಗೆ ಮಳೆನೀರು ಹೋಗಬಹುದು. ಯಾರೋ ಗಡಿಬಿಡಿಯಲ್ಲಿ ಪುಸ್ತಕಗಳ ಮೇಲೆಯೇ ಹಾಲು ಸುರಿದುಬಿಡಬಹುದು. ರೈಲು ದೇಸೂರಿನಲ್ಲಿ ನಿಂತದ್ದು ನಿಂತೇ ಬಿಡಬಹುದು. ಮಲಪ್ರಭೆ ಉಕ್ಕಿ, ಆಚೆ ದಂಡೆಯ ಓದುಗರು ಪುಸ್ತಕ ಸಮೇತ ಆಚೆಯೇ ಉಳಿಯಬಹುದು. ಒಯ್ದವರು ಕೊಡಲಿಕ್ಕಿಲ್ಲ, ಕೊಟ್ಟರೂ ಅರ್ಧ ಹಾಳೆಗಳಲ್ಲಿ ಚುರಮುರಿ ಕಟ್ಟಿ ಮುಗಿಸಿರಬಹುದು. ಇದ್ಯಾವುದೂ ಆಗದಿದ್ದರೆ, ತಪಾಸಣೆಗೆ ಬರುವ ಸಾಹೇಬರಿಗೆ ಹಾಲಿನ ವಾಸನೆಯೇ ಆಗದಿರಬಹುದು. ಇಷ್ಟನ್ನೂ ನಾನು ಹಿಂದವಾಡಿಯ ಮನೆಯಿಂದ ಗ್ರಂಥಾಲಯಕ್ಕೆ ಸೈಕಲ್ ತುಳಿಯುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಬಹಳ ಚುರುಕು. ನಮ್ಮ ಮನೆಯಲ್ಲಿ ಚಿಂತಿಸಲು ಏನೂ ಇಲ್ಲದ ದಿನ ನೆರೆಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತೇನೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಹಾಲಿನ ಕ್ಯಾನಿಗೂ ಗ್ರಂಥಾಲಯಕ್ಕೂ ಏನು ಸಂಬಂಧ ಎನ್ನುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಕೇಳಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ನಾನು ಹಂಗಾಮಿ ಗುಮಾಸ್ತ, ನೀಲಕ್ಕ ಗ್ರಂಥಪಾಲಕಿ. ಖಾನಾಪುರದ ಗೌಳಿ ಮಾರುತಿ ಬೆಳಗಿನ ರೈಲಿಗೆ ಹಾಲು ತಂದು, ಊರೆಲ್ಲ ಹಾಕಿ, ಮಧ್ಯಾಹ್ನ ಖಾಲಿ ಕ್ಯಾನುಗಳೊಂದಿಗೆ ಹಿಂತಿರುಗುವವನು. ಅವನ ಕ್ಯಾನುಗಳಲ್ಲಿ ಒಂದಕ್ಕೆ ಕೊರಳಲ್ಲಿ ಕೆಂಪು ಬಣ್ಣದ ಪಟ್ಟಿ. ಅದಕ್ಕೆ ಹಾಲು ಹಾಕುವಂತಿರಲಿಲ್ಲ. ಅದು ಪುಸ್ತಕದ ಕ್ಯಾನು. ಅದು ಹೋಗುವಾಗಲೂ ತುಂಬಿರುತ್ತಿತ್ತು, ಬರುವಾಗಲೂ ತುಂಬಿರುತ್ತಿತ್ತು.

ಪುಸ್ತಕಗಳ ಜೊತೆಗೆ ಊರಿನ ಸುದ್ದಿಯೂ ಬರುತ್ತಿತ್ತು. ಮಾರುತಿ ಬಾಗಿಲಲ್ಲಿ ನಿಂತು, "ಅಕ್ಕಾರ, ನಮ್ಮ ಓಣಿ ದರ್ಜಿ ಕಾಲು ಮುರಕೊಂಡು ಕುಂತಾನ್ರಿ" ಎನ್ನುವನು. ನೀಲಕ್ಕ ಕಪಾಟಿನ ಕಡೆಗೆ ನಡೆಯುತ್ತಲೇ, "ಹಂಗಾರ ದಪ್ಪಂದು ಮರಾಠಿ ಕಾದಂಬರಿ ಒಯ್ಯಿ. ಹೇಣ್ತಿಗೆ ಕನ್ನಡದ್ದೂ ಒಂದು ಇಡು. ಇಲ್ಲಂದ್ರ ಇಡೀ ದಿನ ಮಾರಿ ಮಾರಿ ನೋಡಕೋತ ಕುಂತು ಜಗಳಾ ಆಡತಾರ" ಎನ್ನುವರು. ಆ ದರ್ಜಿಯ ಮುಖವನ್ನು ಅವರು ಎಂದೂ ನೋಡಿರಲಿಲ್ಲ.

ಇಂಥ ಗ್ರಂಥಾಲಯಕ್ಕೆ ತಪಾಸಣೆ ಬಂತು. ಎಲ್ಲ ಪುಸ್ತಕಗಳೂ ಸಾಹೇಬರ ಕಣ್ಣೆದುರಿಗೆ ಇರಬೇಕು. ನನ್ನ ನೌಕರಿ ಖಾಯಂ ಆಗುವುದು ಬಿಡುವುದು ಅವರ ಒಂದು ಮಾತಿನ ಮೇಲಿತ್ತು. ಸಾಹೇಬರು ಬರಲು ಒಂದೇ ದಿನ ಉಳಿದಿತ್ತು, ಹೊರಗೆ ಆಷಾಢದ ಮಳೆ. ಖಾನಾಪುರದ ಕಡೆಗೆ ಹೋಗಿದ್ದ ಪುಸ್ತಕಗಳ ಮಾತೆತ್ತಿದರೆ ನೀಲಕ್ಕ, "ಮಾರುತಿಗೆ ಹೇಳೀನಿ, ನಾಳೆ ಬರತಾವ. ಕಾಳಜಿ ಮಾಡಬ್ಯಾಡ್ರಿ" ಎಂದರು. ಚಿಂತೆ ಮಾಡಬೇಡ ಎನ್ನುವುದು ನನ್ನಂಥವನಿಗೆ ಉಸಿರಾಡಬೇಡ ಎಂದ ಹಾಗೆ. ನಾನು ಮಾರುತಿಯ ಜೊತೆ ಮಧ್ಯಾಹ್ನದ ರೈಲು ಹತ್ತಿಬಿಟ್ಟೆ.

ಸಂಜೆ ಮಾರುತಿಯ ಪಡಸಾಲೆಯಲ್ಲಿ ಕುಳಿತು ನಾನು ಕಂಡದ್ದನ್ನು ಇಂದಿಗೂ ಯಾರಿಗಾದರೂ ಹೇಳಿದರೆ ನನ್ನ ದನಿ ತಗ್ಗುತ್ತದೆ. ಸುರಿಯುವ ಮಳೆಯಲ್ಲಿ ಒಬ್ಬೊಬ್ಬರೇ ಬಂದರು. ಯಾರನ್ನೂ ಕರೆಯಲು ಯಾರೂ ಹೋಗಿರಲಿಲ್ಲ. ಮುಂಜಾನೆ ಹಾಲು ಕರೆಯುವ ಹೊತ್ತಿಗೆ ಮಾರುತಿ ಹೇಳಿದ ಮಾತು ಮನೆಯಿಂದ ಮನೆಗೆ ನಡೆದು ಹೋಗಿತ್ತು. ಒಬ್ಬ ಮುದುಕಿ ತಲೆಯ ಮೇಲಿನ ಗೋಣಿಚೀಲದ ಕೊಪ್ಪೆಯನ್ನು ತೆಗೆದು ಪುಸ್ತಕಕ್ಕೆ ಸುತ್ತಿಕೊಂಡು, ತಾನು ತೊಪ್ಪೆಯಾಗಿ ಬಂದಿದ್ದಳು.

"ಇದೇನಬೇ, ತಲಿಗೆ ಹಾಕ್ಕೋಬಾರದಾ?" ಎಂದೆ.

"ತಲಿ ಒಣಗತೈತಿ. ಪುಸ್ತಕಾ ತೊಯ್ದ್ರ ಮೊದಲಿನಂಗ ಆಗತೈತೇನ್ರಿ?" ಎಂದಳು.

ಓದಲು ಬರುತ್ತದೆಯೇ ಎಂದು ಕೇಳಿದೆ. "ಸೊಸಿ ಓದತಾಳ, ನಾ ರೊಟ್ಟಿ ಬಡಿತೀನಿ. ಆಕಿ ನಿಲ್ಲಿಸಿದ್ಲಂದ್ರ ನಂದೂ ಕೈ ನಿಲ್ಲತೈತಿ" ಎಂದಳು. ಅವಳ ಹಿಂದೆ ದರ್ಜಿ, ಹೆಂಡತಿಯ ಹೆಗಲು ಹಿಡಿದು ಕುಂಟುತ್ತ. "ಸರ, ಕಡೀ ಪ್ರಕರಣ ಓದೂದು ಬಾಕಿ ಐತ್ರಿ. ಸಾಹೇಬ್ರು ನೋಡಿದ ಕೂಡ್ಲೇ ತಿರುಗಿ ಕಳಸ್ರಿ. ಖರೇ ಹೇಳತೀನಿ, ನಿದ್ದಿ ಬರೂದಿಲ್ಲ." ದನಗಳ ರೋಗ ಮತ್ತು ಉಪಚಾರದ ಬಗೆಗಿನ ದೊಡ್ಡ ಸಚಿತ್ರ ಪುಸ್ತಕವೊಂದಿತ್ತು, ನಮ್ಮಲ್ಲಿ ಅತ್ಯಂತ ಬೆಲೆಯುಳ್ಳದ್ದು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಮೂರು ಹಳ್ಳಿ ತಿರುಗಿ ಬಂದ ಅದರ ಮೇಲೆ ಸೆಗಣಿಯ ಒಂದು ಚುಕ್ಕೆಯೂ ಇರಲಿಲ್ಲ. ನನ್ನ ಮನೆಯ ಪುಸ್ತಕಗಳ ಮೇಲಿನ ಚಹಾದ ಕಲೆಗಳು ನೆನಪಾದವು.

ಮರುದಿನ ಬೆಳಿಗ್ಗೆ ಪುಸ್ತಕಗಳೆಲ್ಲ ಕೆಂಪು ಪಟ್ಟಿಯ ಕ್ಯಾನಿಗೆ ಇಳಿದವು. ದನದ ಪುಸ್ತಕದ ಸರದಿ ಬಂದಾಗ ನನ್ನ ಕೈ ಬಿಡಲಿಲ್ಲ. ಎಷ್ಟಾದರೂ ತಗಡಿನ ಕ್ಯಾನು. "ಇದೊಂದು ನನ್ನ ಹತ್ರ ಇರಲಿ" ಎಂದು ವೃತ್ತಪತ್ರಿಕೆಯಲ್ಲಿ ಸುತ್ತಿ, ಚರ್ಮದ ಚೀಲಕ್ಕೆ ಹಾಕಿ, ಎದೆಗೊತ್ತಿಕೊಂಡೆ. "ನಿಮ್ಮ ಮರ್ಜಿ, ಸರ" ಎಂದ ಮಾರುತಿ. ರೈಲು ದೇಸೂರಿನಲ್ಲಿ ನಿಂತಿತು, ಹೊರಟಿತು. ಬೆಳಗಾವಿ ಸ್ಟೇಶನ್ನಿನಿಂದ ಮಾರುತಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮುಂದೆ ಹೋದ. ನಾನು ಕೊಡೆ ಬಿಚ್ಚಿ ಹಿಂದಿನಿಂದ ನಡೆದೆ. ಮೊದಲ ತಿರುವಿನಲ್ಲೇ ಗಾಳಿ ಕೊಡೆಯನ್ನು ಉಲ್ಟಾ ಮಾಡಿತು.

ಸಾಹೇಬರ ಎದುರಿಗೆ ನೀಲಕ್ಕ ಕ್ಯಾನಿನ ಮುಚ್ಚಳ ತೆಗೆದರು. ಪುಸ್ತಕಗಳು ಹುರಿದ ಅವಲಕ್ಕಿಯಷ್ಟು ಗರಿಗರಿಯಾಗಿದ್ದವು. ಸಾಹೇಬರು ಒಂದನ್ನು ಮೂಗಿನ ಹತ್ತಿರ ಹಿಡಿದರು. ನಾನು ಕಣ್ಣು ಮುಚ್ಚಿದೆ. "ನಮ್ಮ ಅವ್ವನ ಅಡಗಿಮನಿ ನೆನಪಾತ್ರಿ" ಎಂದು ಮೆಲ್ಲಗೆ ಹೇಳಿ, ಕ್ಯಾನಿನೊಳಗೆ ಇಣುಕಿ, ಯಾವ ಪುಸ್ತಕ ಯಾರ ಮನೆಗೆ ಹೋಗುತ್ತದೆಂದು ಮಾರುತಿಯನ್ನು ಕೇಳುತ್ತ ಬಹಳ ಹೊತ್ತು ಕುಳಿತರು. ತಪಾಸಣೆ ಮಾಡಲು ಬಂದವರು ಮಾತು ಕೇಳುತ್ತ ಕೂತುಬಿಟ್ಟಿದ್ದರು.

ಕೊನೆಗೆ ನಾನು ಚೀಲ ತೆರೆದೆ. ದನದ ಪುಸ್ತಕ ನೆನೆದ ರೊಟ್ಟಿಯಂತೆ ಹೊರಬಂತು.

"ಅರೆ, ಇದು ಯಾವ ಹಳ್ಳಿಯಿಂದ ಬಂತು?" ಎಂದರು ಸಾಹೇಬರು.

ಮಾರುತಿಗೆ ಊರಿನ ಮರ್ಯಾದೆಯ ಪ್ರಶ್ನೆ. "ಹಳ್ಳಿಂದ ಅಲ್ರಿ ಸಾಹೇಬ್ರ. ಅದು ಸರ ಅವರ ಚೀಲದಾಗಿಂದ ಬಂದದ್ದು."

ನೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಸಾಹೇಬರು ನಕ್ಕರು, ನಕ್ಕದ್ದಕ್ಕೋ ಏನೋ, ನನ್ನ ನೌಕರಿಯೂ ಖಾಯಂ ಆಯಿತು. ಪುಸ್ತಕವನ್ನು ಒಲೆಯ ಪಕ್ಕದಲ್ಲಿಟ್ಟು ಒಣಗಿಸಿ, ಮೇಲೆ ಒರಳುಕಲ್ಲಿನ ಗುಂಡು ಹೇರಿ ನೋಡಿದೆವು. ದನಗಳ ಹೊಟ್ಟೆಯುಬ್ಬರಕ್ಕೆ ಅದರಲ್ಲಿ ಉಪಚಾರವಿದೆಯಂತೆ. ಅದರ ಉಬ್ಬು ಮಾತ್ರ ಇಂದಿಗೂ ಇಳಿದಿಲ್ಲ.